ಮರಳು ಹೊಲಕ್ಕೆ ಕಲ್ಲಿದ್ದಲ ಬೂದಿ ಹಾಕಬಹುದಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ. ಕಲ್ಲಿದ್ದಲು ಸುಟ್ಟು ಉಳಿಯುವ ಹಾರುಬೂದಿ, ಎಲ್ಲರ ಬಾಯಲ್ಲಿ ಫ್ಲೈ ಆ್ಯಶ್, ಅದನ್ನು ಹೊಲಕ್ಕೆ ಹಾಕಬಹುದಾ ಅಂತ. ಹಾಗಾಗಿ ಅಂಕಣ ಪೂರ್ತಿ ಅದಕ್ಕೇ ಮೀಸಲು. ನನ್ನ ಸರ್ವಿಸ್ ಎಲ್ಲ ಕಳೆದದ್ದು ಮಣ್ಣು ಪರೀಕ್ಷೆ ಕೆಲಸದಲ್ಲಿ. ನಮ್ಮ ಮನೆಯ ಹೊಲ ಇರುವುದು ಕೊರಟಗೆರೆ ಕಡೆ, ಜಯಮಂಗಲಿ ಹೊಳೆ ದಂಡೆಯಲ್ಲಿ. ಮರಳು ಭೂಮಿಯ ಕಷ್ಟ ನನಗೂ ಗೊತ್ತು.

ಪ್ರಶ್ನೆ: ಮೇಡಂ, ನಮಗೆ ಮೂರು ಎಕರೆ ಬೆದ್ದಲು ಇದೆ. ಪೂರ್ತಿ ಮರಳು. ಕಡಲೆಕಾಯಿ ಹಾಕಿ, ನಡುವೆ ತೊಗರಿ ಸಾಲು ಬಿಡುತ್ತೇವೆ. ಹತ್ತು ದಿನ ಮಳೆ ಕೈಕೊಟ್ಟರೆ ಗಿಡ ಬಾಡುತ್ತೆ. ಇಟ್ಟಿಗೆ ಫ್ಯಾಕ್ಟರಿಗೆ ಬೂದಿ ತರುವ ಲಾರಿಯವರು, ‘ಬೂದಿ ಪುಕ್ಕಟೆ, ಬಾಡಿಗೆ ಕೊಟ್ಟರೆ ಸಾಕು, ತೇವ ನಿಲ್ಲುತ್ತೆ, ಗೊಬ್ಬರವೂ ಬೇಕಾಗಲ್ಲ’ ಎನ್ನುತ್ತಾರೆ. ನಿಜವಾ? ಎಕರೆಗೆ ಎಷ್ಟು ಲೋಡು ಹಾಕಿಸಬೇಕು?
– ಮಧುಗಿರಿ ತಾಲ್ಲೂಕಿನ ರೈತರು

ಉತ್ತರ: ತೇವ ನಿಲ್ಲುತ್ತೆ ಅನ್ನೋದು ನಿಜ. ಗೊಬ್ಬರ ಬೇಡ ಅನ್ನೋದು ಸುಳ್ಳು. ಎಷ್ಟು ಲೋಡು ಅನ್ನೋದನ್ನು ಲಾರಿಯವರು ಹೇಳಲಾರರು. ಅದನ್ನು ಹೇಳಬೇಕಾದದ್ದು ನಿಮ್ಮ ಮಣ್ಣಿನ ರಿಪೋರ್ಟು ಮತ್ತು ಆ ಬೂದಿಯ ರಿಪೋರ್ಟು.

ತೇವದ ವಿಷಯ ಮೊದಲು ನೋಡೋಣ. ಮರಳಿನ ಕಾಳು ದಪ್ಪ, ಅರ್ಧ ಮಿಲಿಮೀಟರು, ಒಂದು ಮಿಲಿಮೀಟರು ಇರುತ್ತೆ. ಕಾಳಿನ ನಡುವಿನ ಸಂದುಗಳೂ ದೊಡ್ಡವೇ. ಬಿದ್ದ ಮಳೆ ಬೇರಿಗೆ ಸಿಗುವ ಮುಂಚೆ ಕೆಳಗೆ ಇಳಿದುಬಿಡುತ್ತೆ. ಹಾರುಬೂದಿ ಇದಕ್ಕಿಂತ ಬಹಳ ಸಣ್ಣದು. ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲನ್ನು ನಯವಾಗಿ ಪುಡಿ ಮಾಡಿ ಸುಡುತ್ತಾರೆ. ಹೊಗೆಯ ಜೊತೆ ಹಾರುವ ಬೂದಿಯನ್ನು ಚಿಮಣಿಗೆ ಹೋಗುವ ಮೊದಲೇ ವಿದ್ಯುತ್ ಶಕ್ತಿಯಿಂದ ಸೆಳೆದು ಹಿಡಿಯುತ್ತಾರೆ. ಅದರ ಕಣಗಳಲ್ಲಿ ಹೆಚ್ಚಿನವು ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಭಾಗಕ್ಕಿಂತ ಚಿಕ್ಕವು. ಇವು ಮರಳಿನ ಸಂದಿನಲ್ಲಿ ಕೂತರೆ ನೀರು ಇಳಿಯುವುದು ನಿಧಾನವಾಗುತ್ತೆ, ಒಂದಷ್ಟು ನೀರು ಅಲ್ಲೇ ಉಳಿಯುತ್ತೆ. ಪಶ್ಚಿಮ ಆಸ್ಟ್ರೇಲಿಯಾದ ಮರಳು ನೆಲದಲ್ಲಿ ಹುಲ್ಲುಹಾಸು ಬೆಳೆಸಲು ಇದನ್ನೇ ಪ್ರಯೋಗ ಮಾಡಿ ನೋಡಿದ್ದಾರೆ. ಆದರೆ ಮಣ್ಣು ಹಿಡಿದ ನೀರೆಲ್ಲ ಬೇರಿಗೆ ಸಿಗಲ್ಲ. ಒಂದು ಪಾಲು ಕಣಗಳಿಗೆ ಅಂಟಿಕೊಂಡೇ ಇರುತ್ತೆ.

ಇನ್ನು ಗೊಬ್ಬರ. ಬೆಂಕಿಯಲ್ಲಿ ಸಾರಜನಕ ಪೂರ್ತಿ ಹೋಗಿರುತ್ತೆ. ಸಾವಯವ ಅಂಶವೂ ಇರಲ್ಲ. ರಂಜಕ ಸ್ವಲ್ಪ ಇದ್ದರೂ ಗಿಡಕ್ಕೆ ಸುಲಭವಾಗಿ ಸಿಗುವ ರೂಪದಲ್ಲಿ ಇರಲ್ಲ. ಸುಣ್ಣ, ಮೆಗ್ನೀಸಿಯಂ, ಪೊಟ್ಯಾಷ್, ಗಂಧಕ, ಬೋರಾನ್, ಸತು ಅಷ್ಟಿಷ್ಟು ಇರುತ್ತವೆ. ಆ ಅಷ್ಟಿಷ್ಟು ಎಷ್ಟು ಅನ್ನೋದು ಕಲ್ಲಿದ್ದಲು ಯಾವ ಗಣಿಯದು ಅನ್ನೋದರ ಮೇಲೆ ನಿಂತಿದೆ.

ಇದಕ್ಕಿಂತ ದೊಡ್ಡ ಮಾತು ಒಂದಿದೆ, ದಯವಿಟ್ಟು ಇದನ್ನು ಎರಡು ಸಲ ಓದಿ. ಜೇಡಿ ಮಣ್ಣಿನ ಕಣಕ್ಕೆ ಪೋಷಕಾಂಶವನ್ನು ಹಿಡಿದಿಟ್ಟುಕೊಂಡು, ಬೇರು ಕೇಳಿದಾಗ ಬಿಟ್ಟುಕೊಡುವ ಶಕ್ತಿ ಇದೆ. ಬೂದಿಯ ಕಣಕ್ಕೆ ಆ ಶಕ್ತಿ ತೀರಾ ಕಡಿಮೆ. ಅದರಲ್ಲಿ ಹೆಚ್ಚಿನದು ಗಾಜಿನಂಥ ಸಣ್ಣ ಗುಂಡುಗಳು. ಹಾಗಾಗಿ ಬೂದಿ ಹಾಕಿದ ಮರಳು ನೀರನ್ನು ಹಿಡಿದರೂ ಯೂರಿಯಾ, ಪೊಟ್ಯಾಷ್ ಮಳೆಗೆ ಜಾರಿ ಹೋಗುವುದು ತಪ್ಪಲ್ಲ. ಎರಡೂ ಬೇಕೆಂದರೆ ಕೆರೆ ಗೋಡು (ಕೆರೆ ತಳದಲ್ಲಿ ಕೂತ ಹೂಳು ಮಣ್ಣು), ಕೊಟ್ಟಿಗೆ ಗೊಬ್ಬರ ಇವೇ ಗತಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಈ ಮೂರು ಜಿಲ್ಲೆಯಲ್ಲಿ ಕೆರೆಗಳಿಗೆ ಬರ ಇಲ್ಲ. ಮಾರ್ಚಿಯಿಂದ ಮೇವರೆಗೆ ಅಂಗಳ ಒಣಗಿರುತ್ತೆ. ಪಂಚಾಯ್ತಿಯಲ್ಲಿ ಕೇಳಿ ಗೋಡು ಹೊಡೆಸುವುದು ನಮ್ಮ ಹಿರಿಯರ ಕಾಲದಿಂದ ನಡೆದು ಬಂದಿದೆ. ಗೋಡು ಸಿಗುವ ಕಡೆ ಬೂದಿಗೆ ಕೈ ಹಾಕಬೇಡಿ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಗೋಡು ಸಿಗುವುದೇ ಇಲ್ಲ ಅಂದರೆ? ಆಗ ಲೆಕ್ಕ ಹಾಕೋಣ. ಒಂದು ಎಕರೆಯಲ್ಲಿ ಮೇಲಿನ ಅರ್ಧ ಅಡಿ ಮಣ್ಣೇ ಸುಮಾರು 900 ಟನ್ ತೂಗುತ್ತೆ. ಒಂದು ಟಿಪ್ಪರ್‌ನಲ್ಲಿ 15 ಟನ್ ಬೂದಿ ಬಂತು ಅಂದುಕೊಳ್ಳಿ. ಎಕರೆ ತುಂಬ ಹರಡಿದರೆ ಚದರ ಅಡಿಗೆ 350 ಗ್ರಾಂ ಹತ್ತಿರ ಬೀಳುತ್ತೆ. ಮಣ್ಣಿನ ತೂಕಕ್ಕೆ ನೂರಕ್ಕೆ ಎರಡು ಪಾಲೂ ಆಗಲ್ಲ. ಅಷ್ಟಕ್ಕೆ ಮರಳಿನ ಗುಣ ಹೆಚ್ಚೇನೂ ಬದಲಾಗಲ್ಲ. ನೂರಕ್ಕೆ ಐದು ಪಾಲು ಬೇಕೆಂದರೆ 45 ಟನ್, ಅಂದರೆ ಮೂರು ಟಿಪ್ಪರ್. ‘ಪುಕ್ಕಟೆ’ ಬೂದಿಯ ಬಾಡಿಗೆ ಈಗ ನೀವೇ ಲೆಕ್ಕ ಹಾಕಿ. ನಮ್ಮ ಮೂರೂ ಜಿಲ್ಲೆಯಲ್ಲಿ ಕಲ್ಲಿದ್ದಲಿನ ದೊಡ್ಡ ಸ್ಥಾವರ ಇಲ್ಲ. ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡತಿನಿ, ವಿಜಯಪುರದ ಕೂಡಗಿ, ಎಲ್ಲವೂ ದೂರವೇ.

ಜಾಸ್ತಿ ಹಾಕಿದಷ್ಟೂ ಬೂದಿಯ ಜೊತೆ ಬರುವ ಬೇಡದ ವಸ್ತುಗಳೂ ಜಾಸ್ತಿ. ಕಲ್ಲಿದ್ದಲಿನಲ್ಲಿ ಚದುರಿಕೊಂಡಿದ್ದ ಆರ್ಸೆನಿಕ್, ಸೀಸ, ಕ್ರೋಮಿಯಂ, ಕ್ಯಾಡ್ಮಿಯಂ ಎಲ್ಲ ಸುಟ್ಟ ಮೇಲೆ ಬೂದಿಯಲ್ಲಿ ಒಟ್ಟುಗೂಡಿರುತ್ತವೆ. ಬೂದಿಯ ರಿಪೋರ್ಟಿನಲ್ಲಿ ಆರ್ಸೆನಿಕ್ ‘ಕೆಜಿಗೆ 5 ಮಿಲಿಗ್ರಾಂ’ ಅಂತ ಇದ್ದರೆ ಟನ್ನಿಗೆ 5 ಗ್ರಾಂ ಅಂತ ಅರ್ಥ. 45 ಟನ್ನಿಗೆ 225 ಗ್ರಾಂ ಆಯ್ತು. ಅದು ನಿಮ್ಮ ಒಂದು ಎಕರೆಯ ಮೇಲ್ಮಣ್ಣಿಗೆ ಸೇರಿದ ಲೆಕ್ಕ. ಎಲ್ಲವೂ ಬೆಳೆಗೆ ಹತ್ತುತ್ತೆ ಅಂತಲ್ಲ. ಆದರೆ ಬೂದಿಯನ್ನು ಮಣ್ಣಿಗೆ ಕಲಸಿದ ಮೇಲೆ ವಾಪಸ್ ತೆಗೆಯುವ ದಾರಿ ಇಲ್ಲ. ಮೊಮ್ಮಕ್ಕಳ ಕಾಲಕ್ಕೂ ಅದು ಅಲ್ಲೇ ಇರುತ್ತೆ.

ಕಡಲೆಕಾಯಿಯವರು ಬೋರಾನ್ ಮೇಲೆ ವಿಶೇಷ ಗಮನ ಇಡಬೇಕು. ಕಡಲೆಕಾಯಿಗೆ ಬೋರಾನ್ ಬೇಕು, ಇಲ್ಲದಿದ್ದರೆ ಬೀಜದ ಒಳಗೆ ಟೊಳ್ಳು ಬೀಳುತ್ತೆ. ಸ್ವಲ್ಪ ಜಾಸ್ತಿಯಾದರೂ ಎಲೆಯ ಅಂಚು ಹಳದಿಯಾಗಿ, ಆಮೇಲೆ ಸುಟ್ಟಂತೆ ಕಂದಾಗುತ್ತೆ. ಸ್ಥಾವರದಿಂದ ಹೊಸದಾಗಿ ಬಂದ ಒಣ ಬೂದಿಯಲ್ಲಿ ನೀರಿಗೆ ಕರಗುವ ಬೋರಾನ್ ಜಾಸ್ತಿ ಇರಬಹುದು. ಬೂದಿ ಹೊಂಡದಲ್ಲಿ ವರ್ಷಗಟ್ಟಲೆ ನೆನೆದ ಹಳೆಯ ಬೂದಿಯಲ್ಲಿ ಕಡಿಮೆ.

ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಬದು, ತಿಪ್ಪೆ, ಮರದ ನೆರಳು ಬಿಟ್ಟು ಎಂಟು ಹತ್ತು ಕಡೆ ಅಂಕುಡೊಂಕಾಗಿ ಜಾಗ ಆರಿಸಿ. ಮೇಲಿನ ಕಸ ಸರಿಸಿ, ಅರ್ಧ ಅಡಿ ಆಳಕ್ಕೆ ‘ವಿ’ ಆಕಾರದ ಗುಂಡಿ ತೆಗೆಯಿರಿ. ಪಕ್ಕದ ಗೋಡೆಯಿಂದ ಮೇಲಿಂದ ಕೆಳತನಕ ಒಂದು ಇಂಚು ದಪ್ಪ ಮಣ್ಣು ಕೆರೆದುಕೊಳ್ಳಿ. ಎಲ್ಲ ಬೆರೆಸಿ ವೃತ್ತ ಮಾಡಿ, ನಾಲ್ಕು ಭಾಗದಲ್ಲಿ ಎದುರುಬದುರಿನ ಎರಡನ್ನು ಬಿಸಾಡಿ. ಅರ್ಧ ಕೆಜಿ ಉಳಿಯುವವರೆಗೆ ಹೀಗೇ ಮಾಡಿ, ನೆರಳಲ್ಲಿ ಒಣಗಿಸಿ ಕೊಡಿ. ಯೂರಿಯಾ ಚೀಲದಲ್ಲಿ ಮಾತ್ರ ತರಬೇಡಿ. ಹಾಗೆ ತಂದವರನ್ನು ನಾನು ಎಷ್ಟೋ ಸಲ ವಾಪಸ್ ಕಳಿಸಿದ್ದೇನೆ. ಬಸ್ಸಿನಲ್ಲಿ ಬಂದ ಮುದುಕರನ್ನು ಬರಿಗೈಲಿ ಕಳಿಸುವಾಗ ನನಗೂ ಬೇಜಾರಾಗುತ್ತಿತ್ತು. ಆದರೆ ಚೀಲದ ಯೂರಿಯಾ ಸೇರಿದ ಮಣ್ಣಿನ ರಿಪೋರ್ಟು ನಂಬಿ ಗೊಬ್ಬರ ಹಾಕಿದರೆ ನಷ್ಟ ಅವರಿಗೇ.

ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶ ಇರುತ್ತವೆ. ರಸಸಾರ (ಹುಳಿ-ಕ್ಷಾರದ ಅಳತೆ, ಪಿಎಚ್), ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಆರ್ಸೆನಿಕ್, ಸೀಸ ಇದರಲ್ಲಿ ಬರಲ್ಲ. ಅವುಗಳಿಗೆ ಬೇರೆ ಪರೀಕ್ಷೆ ಬೇಕು, ಲ್ಯಾಬಿನಲ್ಲಿ ಕೇಳಿ ಮಾಡಿಸಬೇಕು. ರಸಸಾರ 7.5 ದಾಟಿದ್ದರೆ ಬೂದಿಯ ಯೋಚನೆ ಅಲ್ಲಿಗೇ ಬಿಡಿ. ಬೂದಿಯಿಂದ ಕ್ಷಾರ ಇನ್ನೂ ಏರಿದರೆ ಕಬ್ಬಿಣ, ಸತು ಗಿಡಕ್ಕೆ ಸಿಗಲ್ಲ, ಕಡಲೆಕಾಯಿ ಹಳದಿ ತಿರುಗುತ್ತೆ. ತಿಪಟೂರಿನ ಕೊನೇಹಳ್ಳಿ, ತುಮಕೂರಿನ ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ರಿಪೋರ್ಟು ತೋರಿಸಿ ಮಾತಾಡಿ.

ಕೇಂದ್ರ ಸರ್ಕಾರ 2021ರ ಡಿಸೆಂಬರ್ 31ರಂದು ಹೊರಡಿಸಿದ ಬೂದಿ ಅಧಿಸೂಚನೆಯಲ್ಲೂ ಕೃಷಿ ಬಳಕೆಗೆ ಅವಕಾಶ ಇದೆ. ಆದರೆ ಮಣ್ಣು ಪರೀಕ್ಷೆ ಆಧಾರದ ಮೇಲೆ, ನಿಯಂತ್ರಿತವಾಗಿ ಮಾತ್ರ. ಲಾರಿಯವರು ಮೊದಲರ್ಧ ಹೇಳಿ ಉಳಿದದ್ದನ್ನು ಬಿಡುತ್ತಾರೆ.

ಎರಡೂ ರಿಪೋರ್ಟು ಸರಿ ಇದ್ದರೂ ಮೂರು ಎಕರೆಗೆ ಒಟ್ಟಿಗೆ ಬೇಡ. ಮೂರು ಗುಂಟೆ ಗುರುತು ಮಾಡಿ. ಒಂದಕ್ಕೆ ಬರೀ ಕೊಟ್ಟಿಗೆ ಗೊಬ್ಬರ. ಇನ್ನೊಂದಕ್ಕೆ ಅಷ್ಟೇ ಗೊಬ್ಬರದ ಜೊತೆ 375 ಕೆಜಿ ಬೂದಿ, ಇದು ಎಕರೆಗೆ 15 ಟನ್ನಿನ ಲೆಕ್ಕ. ತೇವಕ್ಕೆ ಇದು ಕಡಿಮೆಯೇ, ಆದರೆ ವಾಪಸ್ ತೆಗೆಯಲಾಗದ ವಸ್ತು, ಮೊದಲ ಸಲ ಇಷ್ಟರಲ್ಲೇ ನೋಡಿ. ಮೂರನೆಯದಕ್ಕೆ ಗೊಬ್ಬರ ಮತ್ತು ಎಲ್ಲಿಂದಾದರೂ ತಂದ ಗೋಡು. ಮೂರಕ್ಕೂ ಒಂದೇ ಬೀಜ, ಒಂದೇ ದಿನ ಬಿತ್ತನೆ. ಹೂ ಬಿಟ್ಟು ಊಡು (ಕಾಯಿ ಕಟ್ಟುವ ಎಳೆ) ಮಣ್ಣಿಗೆ ಇಳಿಯುವಾಗ ಜಿಪ್ಸಂ ಎಕರೆಗೆ 200 ಕೆಜಿ ಲೆಕ್ಕದಲ್ಲಿ ಮೂರಕ್ಕೂ ಕೊಡಿ. ಕಿತ್ತ ಮೇಲೆ ಕಾಯಿ ತೂಗಿ, ಒಡೆದು ಬೀಜವನ್ನೂ ತೂಗಿ. ಬೂದಿ ಹರಡುವುದನ್ನು ಆಷಾಢದ ಗಾಳಿ ಶುರುವಾಗುವ ಮುಂಚೆ ಮುಗಿಸಿ. ನೀರು ಚಿಮುಕಿಸಿಕೊಂಡು ಹರಡಿ, ಅವತ್ತೇ ಉತ್ತು ಕಲಸಿ. ಕೆಲಸದವರ ಮೂಗು ಬಾಯಿಗೆ ಮಾಸ್ಕ್ ಇರಲಿ. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಪ್ರಶ್ನೆ: ರೇಷ್ಮೆ ನೂಲು ಬಿಚ್ಚುವ ಘಟಕಗಳ ಒಲೆ ಬೂದಿ ನಮ್ಮಲ್ಲಿ ರಾಶಿ ಬಿದ್ದಿರುತ್ತೆ. ಅದೂ ಹಾರುಬೂದಿಯೂ ಒಂದೇನಾ? ಹಿಪ್ಪುನೇರಳೆ ತೋಟಕ್ಕೆ ಯಾವುದು ಹಾಕಬಹುದು?
– ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರು

ಉತ್ತರ: ಒಂದೇ ಅಲ್ಲ. ಸೌದೆ ಬೂದಿಯಲ್ಲಿ ಪೊಟ್ಯಾಷ್, ಸುಣ್ಣ ಚೆನ್ನಾಗಿರುತ್ತೆ. ಕ್ಷಾರವೂ ಜೋರಾಗಿರುತ್ತೆ. ಹುಳಿ ಮಣ್ಣಿದ್ದರೆ ಸ್ವಲ್ಪ ಸ್ವಲ್ಪ ಹಾಕಬಹುದು. ಆದರೆ ಯೂರಿಯಾ ಜೊತೆ, ಹಸಿ ಸಗಣಿ ಜೊತೆ ಬೆರೆಸಬೇಡಿ, ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತೆ. ಒಲೆಗೆ ಸೌದೆ ಬಿಟ್ಟು ಪ್ಲಾಸ್ಟಿಕ್, ಬಣ್ಣದ ಮರ ಹಾಕಿದ್ದರೆ ಆ ಬೂದಿ ಬೇಡವೇ ಬೇಡ.

ಕಲ್ಲಿದ್ದಲ ಬೂದಿಯನ್ನು ಹಿಪ್ಪುನೇರಳೆ ತೋಟದ ಹತ್ತಿರಕ್ಕೂ ತರಬೇಡಿ. ಹುಳ ತಿನ್ನುವುದು ಎಲೆಯನ್ನು. ಎಲೆ ಮೇಲೆ ಧೂಳು ಕೂತರೆ ಮೇವು ಕೆಟ್ಟಂತೆ. ಆ ಬೂದಿಯಲ್ಲಿ ಫ್ಲೋರೈಡ್ ಇರಬಹುದು, ಅದಕ್ಕೆ ರೇಷ್ಮೆ ಹುಳ ಬಹಳ ಸೂಕ್ಷ್ಮ. ಒಂದು ಬೆಳೆ ಗೂಡು ಕಟ್ಟದೆ ಹೋದರೆ ಆ ನಷ್ಟ ತುಂಬಿಕೊಡುವವರು ಯಾರೂ ಇಲ್ಲ.

ಪ್ರಶ್ನೆ: ಗೋಡು ಹೊಡೆಸಿ ಎಂದು ನೀವು ಯಾವಾಗಲೂ ಬರೆಯುತ್ತೀರಿ. ನಮ್ಮ ಕೆರೆಗೆ ಕೆ.ಸಿ. ವ್ಯಾಲಿ ನೀರು ಬರುತ್ತೆ. ಆ ಗೋಡು ಬೂದಿಗಿಂತ ವಾಸಿನಾ?
– ಕೋಲಾರ ತಾಲ್ಲೂಕಿನ ಓದುಗರು

ಉತ್ತರ: ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ. ಒಣಗಿ ಬಿರಿದಿದ್ದ ಕೆರೆಗಳಲ್ಲಿ ನೀರು ನಿಂತದ್ದನ್ನು, ಬೋರ್‌ವೆಲ್ ಮತ್ತೆ ಜೀವ ಪಡೆದದ್ದನ್ನು ನಾನು ಅಲ್ಲಗಳೆಯಲ್ಲ. ಆದರೆ ನಗರದ ನೀರಿನಲ್ಲಿ ಲೋಹದ ಅಂಶ ಇದ್ದರೆ ಅದು ತಳದ ಕೆಸರಿಗೆ ಸೇರಿಕೊಳ್ಳುತ್ತೆ. ಹಾಗಾಗಿ ಆ ಕೆರೆಯ ಗೋಡಿಗೂ ಬೂದಿಗೆ ಹೇಳಿದ ನಿಯಮವೇ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಪರೀಕ್ಷೆ ಆಗದೆ ಹೊಲಕ್ಕೆ ಬೇಡ. ಸೊಪ್ಪು, ಕ್ಯಾರೆಟ್, ಮೂಲಂಗಿ ಬೆಳೆಯುವ ತೋಟಕ್ಕಂತೂ ಬೇಡವೇ ಬೇಡ.

ಮಳೆ ನೀರು ಮಾತ್ರ ಬರುವ ಸಣ್ಣ ಕುಂಟೆ, ಕಟ್ಟೆ ಹತ್ತಿರದಲ್ಲಿದ್ದರೆ ಅದರ ಗೋಡು ತನ್ನಿ. ಕೈಯಲ್ಲಿ ಒದ್ದೆ ಮಾಡಿ ಉಂಡೆ ಕಟ್ಟಿ, ಬೆರಳಿನಿಂದ ಒತ್ತಿ ಪಟ್ಟಿಯಂತೆ ಚಾಚಿ. ಒಂದೆರಡು ಇಂಚು ಮುರಿಯದೆ ಚಾಚಿಕೊಂಡರೆ ಜೇಡಿ ಚೆನ್ನಾಗಿದೆ ಎಂದರ್ಥ. ಉಂಡೆಯೇ ಕಟ್ಟದಿದ್ದರೆ ಅದು ಕೊಚ್ಚಿ ಬಂದ ಮರಳು. ಮರಳಿಗೆ ಮರಳು ಹೊತ್ತು ಹಾಕಿ ಏನು ಬಂತು?

ಪ್ರಶ್ನೆ: ಎರಡು ಹಸು ಕಟ್ಟಿದ್ದೇನೆ, ಹಾಲು ಡೇರಿಗೆ ಹಾಕುತ್ತೇನೆ. ಮೇವಿಗೆ ಅರ್ಧ ಎಕರೆ ಕುದುರೆ ಮೆಂತ್ಯ, ನೇಪಿಯರ್ ಇದೆ. ಮರಳು ಭೂಮಿ. ಮೇವಿನ ಹೊಲ ತಾನೇ, ನಾವು ತಿನ್ನೋದಲ್ಲವಲ್ಲ, ಅಲ್ಲಿಗೆ ಬೂದಿ ಹಾಕಿಸಿದರೆ ಏನು ಎಂದು ನಮ್ಮೆಜಮಾನರು ಕೇಳುತ್ತಿದ್ದಾರೆ.
– ಗೌರಿಬಿದನೂರು ತಾಲ್ಲೂಕಿನ ಗೃಹಿಣಿ

ಉತ್ತರ: ಬೇಡಮ್ಮ. ಮೇವಿನ ಹೊಲಕ್ಕೇ ಹೆಚ್ಚು ಎಚ್ಚರ ಬೇಕು. ಬೂದಿಯಲ್ಲಿ ಮಾಲಿಬ್ಡಿನಂ ಎಂಬ ಅಂಶ ಇರುತ್ತೆ. ಮಣ್ಣು ಕ್ಷಾರದ ಕಡೆ ವಾಲಿದರೆ ಗಿಡಗಳು ಅದನ್ನು ಜಾಸ್ತಿ ಎಳೆದುಕೊಳ್ಳುತ್ತವೆ. ಅದರಲ್ಲೂ ಕುದುರೆ ಮೆಂತ್ಯದಂಥ ದ್ವಿದಳ ಮೇವು. ಗಿಡಕ್ಕೆ ಏನೂ ಆಗಲ್ಲ, ಹಸಿರಾಗಿ ಸೊಂಪಾಗಿಯೇ ಕಾಣುತ್ತೆ. ಆ ಮೇವು ತಿಂದ ಹಸುವಿನ ಮೈಗೆ ತಾಮ್ರ ಹತ್ತುವುದು ನಿಲ್ಲುತ್ತೆ. ನಿಲ್ಲದ ಭೇದಿ, ಕೂದಲ ಬಣ್ಣ ಮಾಸುವುದು, ಬಡಕಲಾಗುವುದು, ಹಾಲು ಇಳಿಯುವುದು, ಬೆದೆಗೆ ಬಾರದಿರುವುದು ಎಲ್ಲ ಶುರುವಾಗುತ್ತೆ. ಆಗ ಯಾರೂ ಹೊಲದ ಬೂದಿಯನ್ನು ನೆನೆಸಿಕೊಳ್ಳಲ್ಲ, ಜಂತು ಔಷಧಿ ಕುಡಿಸುತ್ತಾ ಕೂರುತ್ತಾರೆ. ಮಣ್ಣು ಆರೋಗ್ಯ ಚೀಟಿಯಲ್ಲೂ ಮಾಲಿಬ್ಡಿನಂ ಕಾಲಮ್ಮು ಇಲ್ಲ.

ಎರಡು ಹಸು ಇರುವ ಮನೆಗೆ ಬೂದಿ ಯಾಕೆ ಬೇಕು? ನಿಮ್ಮ ಕೊಟ್ಟಿಗೆಯ ಗಂಜಲ, ಸಗಣಿ, ಹಸು ತಿಂದು ಬಿಟ್ಟ ಮೇವಿನ ಚೂರು ಇಷ್ಟನ್ನೂ ನೆರಳಿನ ಗುಂಡಿಗೆ ಹಾಕಿ ಕೊಳೆಸಿ, ಆ ಅರ್ಧ ಎಕರೆಗೆ ವರ್ಷವರ್ಷ ತಪ್ಪದೆ ಕೊಡಿ. ಮರಳಿನಲ್ಲಿ ಗೊಬ್ಬರ ಬೇಗ ಕರಗಿ ಹೋಗುತ್ತೆ, ಅದಕ್ಕೇ ವರ್ಷವೂ ಕೊಡಬೇಕು. ನಿಮ್ಮೆಜಮಾನರಿಗೆ ಈ ಪುಟ ಓದಲು ಕೊಡಿ.

ಪ್ರಶ್ನೆ: ನಾನು ಕೃಷಿ ಡಿಪ್ಲೊಮಾ ಓದುತ್ತಿದ್ದೇನೆ. ಬೂದಿ ನೀರು ಹಿಡಿಯುತ್ತೆ ಅನ್ನೋದನ್ನು ಮನೆಯಲ್ಲೇ ಮಾಡಿ ನೋಡುವ ಸುಲಭದ ದಾರಿ ಇದೆಯಾ?
– ಚಿಂತಾಮಣಿಯ ವಿದ್ಯಾರ್ಥಿ

ಉತ್ತರ: ಇದೆ. ಇಂಥ ಪತ್ರ ಬಂದರೆ ನನಗೆ ತುಂಬ ಖುಷಿ. ಒಂದೇ ಅಳತೆಯ ಮೂರು ಖಾಲಿ ಡಬ್ಬ ತಗೊ. ತಳಕ್ಕೆ ಮೊಳೆಯಿಂದ ನಾಲ್ಕೈದು ತೂತು ಹೊಡೆದು, ಒಳಗೆ ಹಳೇ ಪಂಚೆ ತುಂಡು ಹಾಸು. ಒಣಗಿದ ಮರಳು ಮಣ್ಣು ಒಂದೊಂದು ಕೆಜಿ ತೂಗಿಕೊ. ಮೊದಲ ಡಬ್ಬಕ್ಕೆ ಮಣ್ಣು ಮಾತ್ರ. ಎರಡನೆಯದಕ್ಕೆ 950 ಗ್ರಾಂ ಮಣ್ಣು, 50 ಗ್ರಾಂ ಬೂದಿ. ಮೂರನೆಯದಕ್ಕೆ 950 ಗ್ರಾಂ ಮಣ್ಣು, 50 ಗ್ರಾಂ ಪುಡಿ ಮಾಡಿದ ಗೋಡು. ಹೊರಗೆ ಚೆನ್ನಾಗಿ ಕಲಸಿ ಆಮೇಲೆ ತುಂಬಬೇಕು. ಪದರ ಪದರ ಹಾಕಿದರೆ ಬೂದಿ ಒಂದೇ ಕಡೆ ಗಟ್ಟಿ ಕಟ್ಟಿ ಲೆಕ್ಕ ತಪ್ಪುತ್ತೆ. ಹೊಲದಲ್ಲೂ ಇದೇ ಮಾತು. ದಪ್ಪ ಪದರದ ಬೂದಿ ನೆನೆದು ಒಣಗಿದರೆ ಹೆಪ್ಪುಗಟ್ಟಿ ನೀರೇ ಇಳಿಯಲ್ಲ. ಸುಣ್ಣದ ಜೊತೆ ಸೇರಿ ಗಟ್ಟಿಯಾಗುವ ಗುಣ ಇರುವುದಕ್ಕೇ ಅಲ್ವಾ ಸಿಮೆಂಟು, ಇಟ್ಟಿಗೆಗೆ ಅದನ್ನು ಬಳಸುವುದು!

ಪ್ರತಿ ಡಬ್ಬಕ್ಕೂ ಅರ್ಧ ಲೀಟರ್ ನೀರು ನಿಧಾನವಾಗಿ ಹಾಕು. ಕೆಳಗೆ ಸೋರಿದ್ದನ್ನು ಅಳೆ. ಸೋರದೆ ಉಳಿದದ್ದು ಮಣ್ಣು ಹಿಡಿದ ನೀರು. ಆಮೇಲೆ ನೆರಳಲ್ಲಿಟ್ಟು ದಿನಾ ಬೆಳಿಗ್ಗೆ ತಕ್ಕಡಿಯಲ್ಲಿ ತೂಗಿ ಬರೆದಿಡು. ಯಾವುದು ಎಷ್ಟು ಬೇಗ ಒಣಗುತ್ತೆ ಅಂತ ಗೊತ್ತಾಗುತ್ತೆ. ನಾನು ಮಾಡಿದಾಗ ಬೂದಿ ಡಬ್ಬದಿಂದ ನೀರು ತೊಟ್ಟಿಕ್ಕಲು ಶುರುವಾದದ್ದೇ ತಡವಾಗಿ.

ಇಷ್ಟಕ್ಕೇ ನಿಲ್ಲಿಸಬೇಡ. ಮೂರಕ್ಕೂ ನಾಲ್ಕು ನಾಲ್ಕು ಬೀನ್ಸ್ ಬೀಜ ಊರು. ಬೀನ್ಸ್ ಬೋರಾನ್ ತಡೆಯಲ್ಲ. ಬೂದಿಯಲ್ಲಿ ಅದು ಜಾಸ್ತಿ ಇದ್ದರೆ ಕೆಳಗಿನ ಹಳೇ ಎಲೆಯ ತುದಿ, ಅಂಚು ಮೊದಲು ಹಳದಿಯಾಗುತ್ತೆ. ಸಾರಜನಕದ ಕೊರತೆಗೆ ಎಲೆ ಪೂರ್ತಿ ಪೇಲವವಾಗುತ್ತೆ, ಇದಕ್ಕೆ ಅಂಚು ಮಾತ್ರ ಸುಡುತ್ತೆ. ಈ ವ್ಯತ್ಯಾಸ ಕಣ್ಣಿಗೆ ಕೂತರೆ ಮುಂದೆ ರೈತರ ಹೊಲದಲ್ಲಿ ನಿನಗೆ ಬಹಳ ಉಪಯೋಗ. ಕಾಯಿ ಬಿಟ್ಟರೂ ಬೂದಿ ಡಬ್ಬದ್ದನ್ನು ತಿನ್ನಬೇಡ.

ಪ್ರಶ್ನೆ: ಕೇಳುವುದು ತಡವಾಯ್ತು ಮೇಡಂ. ನಮ್ಮ ತಮ್ಮ ಆಗಲೇ ಒಂದು ಲೋಡು ಇಳಿಸಿಕೊಂಡಿದ್ದಾನೆ. ತೆರೆದ ಬಾವಿಯಿಂದ ಹತ್ತು ಮಾರು ದೂರದಲ್ಲಿ ರಾಶಿ ಇದೆ. ಬಣ್ಣ ಒಂದೇ ಥರ ಇಲ್ಲ, ಅಲ್ಲಲ್ಲಿ ಕಪ್ಪು ಹರಳು, ಒಂಥರಾ ಎಣ್ಣೆ ವಾಸನೆ. ಏನು ಮಾಡೋಣ?
– ಪಾವಗಡ ತಾಲ್ಲೂಕಿನ ರೈತರು

ಉತ್ತರ: ಹೊಲಕ್ಕೆ ಒಂದು ಮಂಕರಿಯೂ ಹರಡಬೇಡಿ. ಒಳ್ಳೆಯ ಹಾರುಬೂದಿ ಸಿಮೆಂಟಿನಷ್ಟು ನಯ, ಬೂದು ಬಣ್ಣ, ವಾಸನೆ ಇರಲ್ಲ. ಎಣ್ಣೆ ವಾಸನೆ ಬರುತ್ತಿದ್ದರೆ ಅದರಲ್ಲಿ ಬೇರೆ ಫ್ಯಾಕ್ಟರಿ ತ್ಯಾಜ್ಯ ಸೇರಿರಬಹುದು. ಯಾವ ಸ್ಥಾವರದ ಬೂದಿ, ಗೇಟ್ ಪಾಸ್ ಎಲ್ಲಿ, ವೇ ಬ್ರಿಡ್ಜ್ ಚೀಟಿ ಎಲ್ಲಿ ಅಂತ ಲಾರಿಯವರನ್ನು ಕೇಳಿ. ಕಾಗದ ತೋರಿಸದಿದ್ದರೆ ಅದು ಬೂದಿಯೇ ಅಂತ ನಂಬುವುದು ಹೇಗೆ?

ಇವತ್ತೇ ರಾಶಿಗೆ ಟಾರ್ಪಾಲ್ ಹೊದಿಸಿ. ಸುತ್ತ ಒಂದು ಅಡಿ ಎತ್ತರ ಮಣ್ಣಿನ ಬದು ಕಟ್ಟಿ. ಮೇಲಿನಿಂದ ಹರಿದು ಬರುವ ಮಳೆ ನೀರು ರಾಶಿಗೆ ತಾಗದಂತೆ ಕಾಲುವೆ ತಿರುಗಿಸಿ. ಮರಳು ಭೂಮಿಯಲ್ಲಿ ರಾಶಿಯಿಂದ ಇಳಿದ ನೀರು ಬಾವಿ ಸೇರಲು ಹೆಚ್ಚು ಹೊತ್ತು ಬೇಡ. ನಿಮ್ಮ ಕಡೆ ನೀರಿನಲ್ಲಿ ಮೊದಲೇ ಫ್ಲೋರೈಡ್ ಕಾಟ ಇದೆ, ಇನ್ನೊಂದು ಸೇರುವುದು ಬೇಡ. ಪಂಚಾಯ್ತಿಗೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೆ ಲಿಖಿತವಾಗಿ ತಿಳಿಸಿ. ಲಾರಿ ನಂಬರು, ರಾಶಿಯ ಫೋಟೊ ಜೊತೆಗಿಡಿ. ಇಳಿಸಿದವರೇ ಎತ್ತಿಕೊಂಡು ಹೋಗಬೇಕು. ಎತ್ತುವಾಗ ಅಡಿಯ ನೆಲವನ್ನೂ ಎರಡು ಇಂಚು ಕೆರೆದು ಅದರ ಜೊತೆಗೇ ಕಳಿಸಿ. ಬಾವಿ ನೀರನ್ನು ಈಗೊಮ್ಮೆ, ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಪರೀಕ್ಷೆಗೆ ಕೊಡಿ. ಎರಡನೇ ರಿಪೋರ್ಟು ಕೈಗೆ ಬರುವವರೆಗೆ ಆ ನೀರನ್ನು ಮನೆಯವರಿಗೂ ದನಕರುಗಳಿಗೂ ಕುಡಿಯಲು ಕೊಡಬೇಡಿ.